ಮೂಸಬ್ಬನನ್ನು ಕೂಗಿದ ಆಟ

'ಸಾಲ್ಟ್ ಕ್ರೌನ್' ಎಂಬ ವಿಡಿಯೊ ಗೇಮಿನ ಎರಡನೆಯ ಭಾಗ ಬಿಡುಗಡೆಯಾಗಲು ಇನ್ನೂ ಕೆಲವು ತಿಂಗಳುಗಳಿದ್ದವು. ಅದಕ್ಕೆ ಮೊದಲೇ ಆಡಿ ನೋಡಿ ಬರೆಯಲೆಂದು ದುಬೈಯ ಒಂದು ಹೋಟೆಲಿಗೆ ಪತ್ರಕರ್ತರನ್ನು ಕರೆಸಿದ್ದರು. ಸಭಾಂಗಣದ ತುಂಬ ಸಾಲಾಗಿ ಕಂಪ್ಯೂಟರುಗಳು, ಪ್ರತಿಯೊಂದರ ಮುಂದೆ ಒಬ್ಬೊಬ್ಬರು, ಎಲ್ಲರ ಕಿವಿಗೂ ದಪ್ಪನೆಯ ಹೆಡ್‌ಫೋನು.

ರಸೀನಾ ಕೊನೆಯ ಸಾಲಿನಲ್ಲಿ ಕೂತಿದ್ದಳು. ಮಂಗಳೂರಿನ ಕುದ್ರೋಳಿಯ ಬ್ಯಾರಿ ಮನೆತನದವಳು. ಮದುವೆಯಾಗಿ ಅಬುಧಾಬಿಗೆ ಬಂದ ಮೇಲೆ ಇಂಗ್ಲಿಷ್ ವೆಬ್‌ಸೈಟೊಂದಕ್ಕೆ ವಿಡಿಯೊ ಗೇಮುಗಳ ವಿಮರ್ಶೆ ಬರೆಯತೊಡಗಿ, ಈಗ ಇಂಥ ಸಭೆಗಳಿಗೆ ಹೆಸರು ಹಿಡಿದು ಕರೆಸಿಕೊಳ್ಳುವಷ್ಟು ಪಳಗಿದ್ದಳು. ಸಾಲ್ಟ್ ಕ್ರೌನ್ ಗುಂಡು ಹಾರಿಸುವ ಆಟವಲ್ಲ. ಬಂದರು ಕಟ್ಟಬೇಕು, ಸರಕು ತುಂಬಿಸಬೇಕು, ಗಾಳಿ ಯಾವ ಕಡೆಗಿದೆ ನೋಡಿ ಹಡಗುಗಳನ್ನು ಕಳಿಸಬೇಕು, ಕಡಲ್ಗಳ್ಳರು ಎಲ್ಲಿ ಕಾದಿದ್ದಾರೆಂದು ಮೊದಲೇ ಊಹಿಸಬೇಕು. ತಲೆ ಓಡಿಸಿ ಆಡುವ ಆಟ. ಮೊದಲ ಭಾಗವನ್ನು ಅವಳು ಬಸುರಿಯಾಗಿದ್ದಾಗ ಹಗಲೆಲ್ಲ ಆಡಿದ್ದಳು.

ಆ ಬೆಳಿಗ್ಗೆ ಎಲ್ಲವೂ ಚೆನ್ನಾಗಿಯೇ ನಡೆದಿತ್ತು. ಅವಳು ಕಡಲ್ಗಳ್ಳರ ಒಂದು ಗುಂಪನ್ನು ಕಿರಿದಾದ ಕೊಲ್ಲಿಯೊಳಗೆ ಸಿಕ್ಕಿಸಿ, ಹಿಂದಿನಿಂದ ದಾರಿ ಮುಚ್ಚಿ, ಅವರ ದೊಡ್ಡ ಹಡಗನ್ನು ಮುಳುಗಿಸಿದಳು. ಹಡಗು ಓರೆಯಾಯಿತು. ಹಾಯಿ ನೀರಿಗೆ ಬಿತ್ತು. ಆಗ ಹೆಡ್‌ಫೋನಿನಲ್ಲಿ ಒಬ್ಬ ಗಂಡಸು ಕೂಗಿದ.

"ಮೂಸಬ್ಬಾ! ಹಗ್ಗ ಬಿಡಬೇಡ! ಬೆಳಕು ಕಾಣ್ತದೆ, ಬರ್ತಾ ಇದ್ದಾರೆ! ಮೂಸಬ್ಬಾ, ಬಿಡಬೇಡ!"

ಅದು ಬ್ಯಾರಿ ಭಾಷೆ. ರಸೀನಾಳ ಮನೆಯ ಭಾಷೆ. ಅವಳ ಕೈ ಮೌಸಿನ ಮೇಲೆ ಹಾಗೇ ನಿಂತುಹೋಯಿತು. ಇದು ನಟನೆಯಲ್ಲ ಎಂದು ಅವಳ ಮೈಗೆ ಮೊದಲು ಗೊತ್ತಾಯಿತು, ಬುದ್ಧಿಗೆ ಆಮೇಲೆ. ಕಿತ್ತುಹೋದ ಗಂಟಲಿನಿಂದ ಬಂದ ಆ ಕೂಗು ಕಡೆಗೆ ಒಡೆದು, ಬರೀ ಉಸಿರಾಗಿ ನಿಂತಿತ್ತು.

ಅವಳು ಅಕ್ಕಪಕ್ಕ ನೋಡಿದಳು. ಪಕ್ಕದ ಈಜಿಪ್ಟಿನ ಹುಡುಗನ ಪರದೆಯಲ್ಲೂ ಅದೇ ಹಡಗು ಮುಳುಗುತ್ತಿತ್ತು. ಅವನು ಹೆಡ್‌ಫೋನು ತೆಗೆದು, ರೋಮ ನಿಂತ ತನ್ನ ತೋಳು ತೋರಿಸಿ ನಕ್ಕ. "ಕೇಳಿದಿರಾ ಅದನ್ನು? ಎಂಥ ಭಯಂಕರ!"

ಊಟದ ಹೊತ್ತಿಗೆ ಎಲ್ಲರ ಬಾಯಲ್ಲೂ ಅದೇ ಮಾತು. ಕಂಪನಿಯ ಪ್ರಚಾರದ ಅಧಿಕಾರಿ ಹಿಗ್ಗಿಹೋಗಿದ್ದ. "ಕಡಲ್ಗಳ್ಳರಿಗೆಂದು ನಮ್ಮ ತಂಡ ಒಂದು ಹೊಸ ಭಾಷೆಯನ್ನೇ ಸೃಷ್ಟಿಸಿದೆ," ಎಂದು ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಎಲ್ಲರೂ ಫೋನಿನಲ್ಲಿ ಟಿಪ್ಪಣಿ ಮಾಡಿಕೊಂಡರು.

ರಸೀನಾಗೆ ಕೇಳಿಸಿದ್ದು ನಂಬಲಾಗಲಿಲ್ಲ. "ಅದು ಸೃಷ್ಟಿಸಿದ ಭಾಷೆಯಲ್ಲ," ಅಂದಳು.

ಅವನು ಮುಗುಳ್ನಕ್ಕು, "ಅಷ್ಟು ಸಹಜವಾಗಿ ಬಂದಿದೆ ಅಂತೀರಾ? ಥ್ಯಾಂಕ್ಯೂ," ಎಂದು ಮುಂದಿನವರ ಕಡೆಗೆ ತಿರುಗಿದ.

*

ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ತನ್ನ ಮನೆಗೆ ಕಾರು ಓಡಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ಅವಳ ಕಿವಿಯಲ್ಲಿ ಅದೇ ಕೂಗು. ವೆಬ್‌ಸೈಟಿನ ಸಂಪಾದಕ ಚಂದುವಿಗೆ ಫೋನು ಮಾಡಿ ವಿಷಯ ಹೇಳಿದಳು. ಚಂದು ಮೈಸೂರಿನವನು, ಸುದ್ದಿಯ ವಾಸನೆ ಬೇಗ ಹಿಡಿಯುವವನು.

"ಅಯ್ಯೋ, ಇದು ದೊಡ್ಡ ಸುದ್ದಿ ಕಣ್ರೀ! ಇವತ್ತೇ ಬರೆದುಬಿಡಿ. ಕಂಪನಿಯ ಷರತ್ತು, ಬುಧವಾರದ ತನಕ ಯಾರೂ ಹಾಕೋ ಹಾಗಿಲ್ಲ. ಬುಧವಾರ ಎಲ್ಲರಿಗಿಂತ ಮೊದಲು ನಮ್ಮದೇ ಹೊರಗೆ ಬರ್ಲಿ."

"ಅದು ಯಾರು ಅಂತ ಗೊತ್ತಾಗದೆ ನಾನು ಬರೆಯೋದಿಲ್ಲ, ಚಂದು."

"ಗೊತ್ತಾಗದೇ ಇದ್ರೆ?"

"ಆಗ್ಲೂ ಬರೆಯೋದಿಲ್ಲ. ಯಾರೋ ಸಾಯ್ತಿರೋ ಕೂಗು ಅದು."

ಚಂದು ಆ ಮೇಲೆ ಒತ್ತಾಯ ಮಾಡಲಿಲ್ಲ. ಅವಳು ಬಂದರುಗಳ ಬಗ್ಗೆ, ಗಾಳಿಯ ಲೆಕ್ಕಾಚಾರದ ಬಗ್ಗೆ, ಮೊದಲ ಭಾಗಕ್ಕಿಂತ ಹೇಗೆ ಉತ್ತಮವಾಗಿದೆ ಎಂಬುದರ ಬಗ್ಗೆ ಬರೆದು ಕಳಿಸಿದಳು. ಕೂಗಿನ ಬಗ್ಗೆ ಒಂದು ಸಾಲೂ ಬರೆಯಲಿಲ್ಲ.

ಬುಧವಾರ ಉಳಿದವರ ಬರಹಗಳು ಒಟ್ಟಿಗೆ ಹೊರಬಿದ್ದಾಗ ಅವಳು ಒಂದೊಂದನ್ನೇ ತೆರೆದು ಓದಿದಳು. 'ರಕ್ತ ಹೆಪ್ಪುಗಟ್ಟಿಸುವ ಯುದ್ಧಘೋಷ.' 'ಈ ವರ್ಷದ ಅತ್ಯಂತ ಭೀಕರ ಶತ್ರುಗಳು.' ಒಬ್ಬನಂತೂ 'ಮೂಸಬ್ಬ' ಎಂಬುದು ಕಡಲ್ಗಳ್ಳರ ಸಮುದ್ರದೇವತೆಯ ಹೆಸರಿರಬೇಕೆಂದು ಊಹಿಸಿ, ಆ ದೇವತೆಗೆ ನರಬಲಿ ಕೊಡುತ್ತಿರಬಹುದೆಂದು ಎರಡು ಪುಟ ಬರೆದಿದ್ದ. ಅದರ ಕೆಳಗೆ ನೂರಾರು ಜನರ ಚರ್ಚೆ.

ಮೆಚ್ಚುಗೆ ಕಂಡ ಕಂಪನಿ ಸುಮ್ಮನಿರುತ್ತದೆಯೇ? ಎರಡೇ ದಿನಕ್ಕೆ ಹೊಸ ಟ್ರೇಲರ್ ಬಿಟ್ಟರು. ಅದರ ಮೊದಲಿಗೂ ಆ ಕೂಗು, ಕೊನೆಗೂ ಆ ಕೂಗು.

ನೋಡಲು ಮನಸ್ಸಾಗದೆ ನಾಲ್ಕು ದಿನ ಬಿಟ್ಟಿದ್ದ ಟ್ರೇಲರನ್ನು ರಸೀನಾ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ನೋಡಿದಳು. ಹೆಡ್‌ಫೋನು ಹಾಕಿಕೊಳ್ಳಲು ಮರೆತಿದ್ದಳು. ಅಡಿಗೆಮನೆಯಲ್ಲಿ ಏನೋ ದಡಾರನೆ ಬಿತ್ತು. ಅವಳ ಅತ್ತೆ ಮರಿಯಮ್ ಬೀವಿ ಒದ್ದೆ ಕೈಯಲ್ಲೇ ಓಡಿಬಂದರು.

"ಯಾ ಅಲ್ಲಾ! ಯಾರು ಮಗಳೇ ಮುಳುಗ್ತಾ ಇರುವುದು?"

"ಯಾರೂ ಇಲ್ಲ ಮಾಮಿ, ಇದು ಆಟ. ಗೇಮ್."

"ಎಂಥ ಆಟ? ನಮ್ಮ ಜನ ಕೂಗ್ತಾ ಇದ್ದಾರಲ್ಲ! ಇನ್ನೊಂದ್ಸಲ ಹಾಕು."

ರಸೀನಾ ಮತ್ತೆ ಹಾಕಿದಳು. ಮುದುಕಿ ಕಣ್ಣು ಮುಚ್ಚಿ ಕೇಳಿದರು. ಕೂಗು ನಿಂತ ಮೇಲೆ ಕುರ್ಚಿ ಎಳೆದು ಕೂತರು.

"ಊರಲ್ಲಿ, ಹೆಜಮಾಡಿಯ ಕಡಲಲ್ಲಿ ಒಂದು ಬೋಟು ಮಗುಚಿತ್ತು, ಕೆಲವು ವರ್ಷ ಆಯ್ತು. ಅದರಲ್ಲಿ ಅಣ್ಣ ತಮ್ಮ ಇಬ್ರೂ ಇದ್ರು. ತಮ್ಮ ಹೋದ. ಅವನ ಹೆಸರು ಮೂಸಬ್ಬ."

"ಮೂಸಬ್ಬ ಅಂತ ಹೆಸರು ಎಷ್ಟೋ ಜನಕ್ಕೆ ಉಂಟು ಮಾಮಿ."

"ಉಂಟು. ಆದ್ರೆ ಕಡಲಲ್ಲಿ ಹೋದವರು ಎಷ್ಟು ಜನ?" ಮರಿಯಮ್ ಬೀವಿ ಆಗಲೇ ಫೋನು ಕೈಗೆತ್ತಿಕೊಂಡಿದ್ದರು. "ನನ್ನ ತಂಗಿಯನ್ನು ಅಲ್ಲಿಗೇ ಕೊಟ್ಟಿರುವುದು. ಕೇಳ್ತೇನೆ ನಿಲ್ಲು."

ಹೆಜಮಾಡಿಗೆ ಒಂದು ಕರೆ, ಅಲ್ಲಿಂದ ಶಾರ್ಜಾದಲ್ಲಿದ್ದ ಯಾರದೋ ಅಳಿಯನಿಗೆ ಒಂದು ಕರೆ. ಇಳಿಹೊತ್ತಿನ ಅಸರ್ ನಮಾಜಿನ ವೇಳೆಗೆ ವಿಷಯ ತಿಳಿಯಿತು. ಮೂಸಬ್ಬನ ಅಣ್ಣ ಕಾಸಿಂ ಬದುಕಿದ್ದಾನೆ. ಆ ಘಟನೆಯ ನಂತರ ಕಡಲಿಗೆ ಇಳಿಯದೆ ಗಲ್ಫಿಗೆ ಬಂದ. ಮೊದಲು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮಿನಲ್ಲಿ ಕೆಲಸಕ್ಕಿದ್ದ. ಈಗ ಅಬುಧಾಬಿಯಲ್ಲೇ, ಅಲ್ ಮೀನಾದ ಮೀನು ಮಾರುಕಟ್ಟೆಯಲ್ಲಿ ಮೀನು ಕತ್ತರಿಸುತ್ತಾನೆ. ರಸೀನಾಳ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿ.

*

ಮರುದಿನ ಬೆಳಿಗ್ಗೆ ಮಾರುಕಟ್ಟೆಯ ಗದ್ದಲ ತುಸು ಇಳಿದ ಮೇಲೆ ಅವಳು ಅಲ್ಲಿಗೆ ಹೋದಳು. ನೀಲಿ ಏಪ್ರನ್, ಮೊಣಕಾಲಿನ ತನಕ ರಬ್ಬರ್ ಬೂಟು ಹಾಕಿಕೊಂಡ ಐವತ್ತರ ಆಸುಪಾಸಿನ ಗಂಡಸನ್ನು ಒಬ್ಬರು ತೋರಿಸಿದರು. ದೊಡ್ಡದೊಂದು ಅಂಜಲ್ ಮೀನನ್ನು ತುಂಡು ಮಾಡುತ್ತಿದ್ದ. ಅವಳು ಸಲಾಂ ಹೇಳಿ, ತಾನು ಯಾರ ಸೊಸೆ, ಯಾರ ಮಗಳು ಎಂದು ಪರಿಚಯ ಹೇಳಿಕೊಂಡಳು. ಕಾಸಿಂ ನಕ್ಕು, "ಊರಿನವರಾ! ಎಂಥ ಮೀನು ಬೇಕು ಹೇಳಿ, ಒಳ್ಳೆದು ಆರಿಸಿ ಕೊಡ್ತೇನೆ," ಅಂದ.

"ಮೀನಿಗೆ ಬಂದದ್ದಲ್ಲ ಕಾಸಿಂ ಕಾಕ," ಎಂದು ಅವಳು ಬ್ಯಾರಿಯಲ್ಲಿ ಅಣ್ಣನನ್ನು ಕರೆಯುವಂತೆ ಕರೆದಳು. "ನೀವು ದುಬೈಯಲ್ಲಿ ಇದ್ದಾಗ ಒಂದು ಸ್ಟುಡಿಯೊದಲ್ಲಿ ಕೂಗಿದ್ದುಂಟಾ?"

ಅವನಿಗೆ ತಕ್ಷಣ ನೆನಪಾಗಲಿಲ್ಲ. ಆಮೇಲೆ, "ಹಾಂ, ಹೌದು. ನಮ್ಮ ಗೋದಾಮಿನ ಪಕ್ಕದ ಶೆಡ್ಡಿನಲ್ಲಿ ಒಂದು ಸ್ಟುಡಿಯೊ ಇತ್ತು. ಹತ್ತು ಜನ ಬೇಕು, ಜೋರಾಗಿ ಕೂಗುವವರು ಅಂತ ಕೇಳಿದ್ರು. ಸೂಪರ್‌ವೈಸರ್ ನಮ್ಮನ್ನು ಕಳಿಸಿದ. ಒಬ್ಬೊಬ್ಬರನ್ನೇ ಒಂದು ಕೋಣೆಯೊಳಗೆ ನಿಲ್ಲಿಸಿದ್ರು. ಗೋಡೆಗೆಲ್ಲ ಸ್ಪಂಜು. ಬಾಗಿಲು ಹಾಕಿದ್ರೆ ನಮ್ಮ ಉಸಿರು ನಮಗೇ ಕೇಳ್ತದೆ. ಒಬ್ಳು ಹುಡುಗಿ ಇದ್ಳು, ಕನ್ನಡದವಳೇ. 'ಹಡಗು ಮುಳುಗ್ತಾ ಇದೆ ಅಂದ್ಕೊಳ್ಳಿ, ನಿಮ್ಮ ಭಾಷೇಲಿ ಏನು ಬರುತ್ತೋ ಕೂಗಿ' ಅಂದ್ಳು."

ಹೇಳುತ್ತಾ ಹೇಳುತ್ತಾ ಅವನ ನಗು ಮಾಸಿತು. ಕತ್ತಿಯನ್ನು ಹಲಗೆಯ ಮೇಲಿಟ್ಟ.

"ನಾನು ಎಂಥ ಕೂಗಿದೆ ಅಂತ ನನಗೆ ಸರಿ ನೆನಪಿಲ್ಲ. ಅವರು ಚಪ್ಪಾಳೆ ಹೊಡೆದ್ರು. ನಿಮಗೆ ಇದು ಹೇಗೆ ಗೊತ್ತು?"

ರಸೀನಾ ಹೇಳಿದಳು. ಒಂದು ಆಟ ಬರುತ್ತಿದೆ, ಅದರಲ್ಲಿ ಕಡಲ್ಗಳ್ಳರ ಹಡಗು ಮುಳುಗುವಾಗ ಅವನ ಕೂಗು ಕೇಳಿಸುತ್ತದೆ, ತಮ್ಮನ ಹೆಸರು ಸ್ಪಷ್ಟವಾಗಿದೆ, ಹಗ್ಗದ ಮಾತೂ ಇದೆ. ಪತ್ರಿಕೆಯವರು ಅದನ್ನು ಹೊಗಳಿ ಬರೆದಿದ್ದಾರೆ. ಅದು ಈಗ ಎಲ್ಲರ ಫೋನಿನಲ್ಲಿದೆ.

ಮಂಜುಗಡ್ಡೆ ತುಂಬಿದ ಪೆಟ್ಟಿಗೆಯ ಮೇಲೆ ಕಾಸಿಂ ಕೂತುಬಿಟ್ಟ.

"ಎಲ್ಲರ ಅಂದ್ರೆ?"

"ಲಕ್ಷಗಟ್ಟಲೆ ಜನ ನೋಡಿದ್ದಾರೆ ಕಾಕ."

"ಊರಲ್ಲಿ?"

ಕಾಸಿಂ ಏಪ್ರನ್ನಿಗೆ ಕೈ ಒರೆಸಿ, ಕಿಸೆಯಿಂದ ಫೋನು ತೆಗೆದು ನೋಡಿದ. ಪರದೆಯನ್ನು ಅವಳ ಕಡೆಗೆ ತಿರುಗಿಸಿದ. ಬೋಟಿಮ್ ಆ್ಯಪಿನಲ್ಲಿ ಸೌದಾ ಎಂಬ ಹೆಸರಿನಿಂದ ಒಂದರ ಮೇಲೊಂದು ಕರೆ ಬಂದಿತ್ತು.

"ಮೂಸಬ್ಬನ ಹೆಂಡತಿ," ಅಂದ. "ಬೆಳಿಗ್ಗೆಯಿಂದ ಮಾಡ್ತಾ ಇದ್ದಾಳೆ. ಕೆಲಸದಲ್ಲಿದ್ದೆ, ತೆಗೀಲಿಲ್ಲ. ಅವಳು ನನಗೆ ಹೀಗೆ ಕಾಲ್ ಮಾಡುವವಳೇ ಅಲ್ಲ."

ನೆಲ ತೊಳೆಯುವ ನೀರು ಅವನ ಬೂಟಿನ ಸುತ್ತ ಹರಿದುಹೋಗುತ್ತಿತ್ತು.

"ನಾನು ಅವಳಿಗೆ ಹೇಳಿದ್ದೇ ಬೇರೆ," ಎಂದ. "ಒಂದೇ ಅಲೆಗೆ ಹೋದ, ಅವನಿಗೆ ಗೊತ್ತೇ ಆಗ್ಲಿಲ್ಲ ಅಂದಿದ್ದೆ. ಗಂಡ ತೀರಿದ ಮೇಲಿನ ಇದ್ದತ್ತಿನ ಶೋಕದಲ್ಲಿ ಕೂತ ಹೆಂಗಸಿಗೆ, ಕೈಯಲ್ಲಿ ಹಾಲು ಕುಡಿಯುವ ಮಗು ಮುಬೀನ, ನಾನು ಬೇರೆ ಎಂಥ ಹೇಳ್ಲಿಕ್ಕಾಗ್ತಿತ್ತು? ಮಗುಚಿದ ಬೋಟಿನ ಮೇಲೆ ನಾನಿದ್ದೆ, ಅವನು ನೀರಲ್ಲಿ. ಮಧ್ಯದಲ್ಲಿ ಹಗ್ಗ. ಅಸರ್‌ನಿಂದ ಮಗ್ರಿಬ್ ತನಕ, ಹೊತ್ತು ಮುಳುಗುವವರೆಗೆ ಹಿಡ್ಕೊಂಡಿದ್ದೆವು. ಅಷ್ಟು ಹೊತ್ತು ಅವನಿಗೆ ಎಲ್ಲ ಗೊತ್ತಿತ್ತು."

ರಸೀನಾ ಬಾಯಿಗೆ ಕೈ ಹಿಡಿದು ನಿಂತಳು.

ಫೋನು ಮತ್ತೆ ಹೊಡೆದುಕೊಂಡಿತು. ಸೌದಾ.

"ನಾನು ಹೊರಗೆ ಇರ್ತೇನೆ," ಎಂದು ಅವಳು ಹೊರಟಾಗ ಕಾಸಿಂ, "ಬೇಡ, ಇಲ್ಲೇ ನಿಲ್ಲು ತಂಗಿ. ನನ್ನಿಂದ ಒಬ್ಬನಿಂದ ಆಗ್ಲಿಕ್ಕಿಲ್ಲ," ಅಂದ. ಒದ್ದೆ ಬೆರಳಿಗೆ ಪರದೆ ಸರಿಯಾಗಿ ಸಿಗದೆ ಎರಡು ಸಲ ಒತ್ತಿ, ಸ್ಪೀಕರ್ ಹಾಕಿದ.

"ಕಾಕ," ಎಂದಿತು ಹೆಣ್ಣುದನಿ. ಅತ್ತು ಅತ್ತು ಒಣಗಿದ ದನಿ. "ಮುಬೀನ ನಿನ್ನೆ ಶಾಲೆಯಿಂದ ಬಂದು ಕೇಳಿದ್ಳು. ಮಕ್ಕಳೆಲ್ಲ ಅಪ್ಪನ ಹೆಸರು ಕೂಗಿ ಸಾಯುವ ಆಟ ಆಡ್ತಾರಂತೆ. ಒಬ್ಬನ ಫೋನಿನಲ್ಲಿ ಉಂಟಂತೆ. ನಾನೂ ತರಿಸಿ ನೋಡಿದೆ. ಅದು ನಿಮ್ಮ ಸ್ವರ."

"ಹೌದು ಸೌದಾ."

"ಹಗ್ಗ ಇತ್ತಾ?"

"ಇತ್ತು."

ಕರೆ ಕಡಿದುಹೋಯಿತೇನೋ ಎಂದು ರಸೀನಾ ಪರದೆ ನೋಡಿದಳು. ಇಲ್ಲ, ಇತ್ತು. ಕಾಸಿಂ ಬೈಗುಳಕ್ಕೆ ಕಾದವನಂತೆ ತಲೆ ತಗ್ಗಿಸಿದ್ದ. 'ಯಾಕೆ ಸುಳ್ಳು ಹೇಳಿದಿರಿ' ಎಂದು ಕೇಳುತ್ತಾಳೆಂದು ರಸೀನಾಳೂ ಎಣಿಸಿದ್ದಳು.

ಸೌದಾ ಕೇಳಿದ್ದು ಅದನ್ನಲ್ಲ. "ನೀವು ಅಷ್ಟು ಕೂಗಿದಿರಲ್ಲ ಕಾಕ. ಆಗ ನೀರಿನಲ್ಲಿ ಅವರು ಎಂಥ ಹೇಳಿದ್ರು?"

ಕಾಸಿಂ ತನ್ನ ಅಂಗೈ ತಿರುಗಿಸಿ ನೋಡಿಕೊಂಡ.

"ಹೇಳಿ ಕಾಕ. ನಂಗೆ ಬೇಕು ಅದು."

"ಹಗ್ಗ ನನ್ನ ಕೈಗೆ ಸುತ್ತಿತ್ತು," ಎಂದ ಅವನು. "ಪ್ರತಿ ಅಲೆಗೂ ಚರ್ಮ ಕಿತ್ತು ಬರ್ತಿತ್ತು. ಅವನು ಅದನ್ನು ನೋಡಿದ. 'ಕಾಕ, ನಿಮ್ಮ ಕೈ ಹೋಗ್ತದೆ' ಅಂದ. ಅಷ್ಟೇ. ನಾನು ಬಿಡಬೇಡ ಅಂತ ಕೂಗ್ತಾ ಇದ್ದೆ. ನಮ್ಮನ್ನು ಹುಡುಕಿ ಬಂದ ಬೋಟಿನ ಬೆಳಕು ಹತ್ತಿರ ಬಂದಿತ್ತು ಸೌದಾ, ಅಲ್ಲಾಹುನ ಆಣೆ, ಇನ್ನು ಸ್ವಲ್ಪವೇ ಇತ್ತು. ಆಮೇಲೆ ಹಗ್ಗ ಹಗುರ ಆಯ್ತು."

ಸೌದಾ ಅತ್ತಳು. ಕಾಸಿಂ ಅಳಲಿಲ್ಲ, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ಮೀನು ಕೊಳ್ಳಲು ಬಂದ ಒಬ್ಬ ಅರಬ್ ಮುದುಕ ಇವರನ್ನು ನೋಡಿ, ಏನೂ ಕೇಳದೆ ಪಕ್ಕದ ಅಂಗಡಿಗೆ ಸರಿದುಹೋದ.

"ಅವರ ಮಾತೇ ಅದು," ಅಂದಳು ಸೌದಾ, ಮೂಗು ಒರೆಸಿಕೊಂಡು. "ಹಾಗೇ ಮಾತಾಡುವವರು." ಸ್ವಲ್ಪ ಸುಧಾರಿಸಿಕೊಂಡು, "ಅದನ್ನು ಆ ಆಟದಿಂದ ತೆಗೀಲಿಕ್ಕೆ ಹೇಳಿ ಕಾಕ. ಹೇಗಾದ್ರೂ ಹೇಳಿ. ಮುಬೀನ ಇವತ್ತು ಶಾಲೆಗೆ ಹೋಗ್ಲಿಲ್ಲ."

*

ಸ್ಟುಡಿಯೊದಲ್ಲಿದ್ದ ಕನ್ನಡದ ಹುಡುಗಿ ಆಟದ ಧ್ವನಿ ವಿಭಾಗದ ಮುಖ್ಯಸ್ಥೆ ಪ್ರಾರ್ಥನಾ ಎಂದು ತಿಳಿಯುವುದು ರಸೀನಾಗೆ ಕಷ್ಟವಾಗಲಿಲ್ಲ. ಬೆಂಗಳೂರಿನವಳು. ಫೋನಿನಲ್ಲಿ ಮೊದಲು ಖುಷಿಯಿಂದಲೇ ಮಾತಾಡಿದಳು.

"ಆ ವಾಯ್ಸ್ ಬಗ್ಗೇನಾ? ಎಲ್ಲರೂ ಅದನ್ನೇ ಕೇಳ್ತಿದ್ದಾರೆ! ನಿಜ ಹೇಳ್ಬೇಕು ಅಂದ್ರೆ ಭಾಷೆ ಸೃಷ್ಟಿಸಿದ್ದು ಗಿಷ್ಟಿಸಿದ್ದು ಎಲ್ಲ ಮಾರ್ಕೆಟಿಂಗ್‌ನವರ ಕಥೆ. ಅವ್ರು ಯಾರೋ ಗೋದಾಮಿನವ್ರು. ಎಂಥಾ ಆ್ಯಕ್ಟಿಂಗ್ ಅಂತೀರಾ..."

"ಆ್ಯಕ್ಟಿಂಗ್ ಅಲ್ಲ ಅದು," ಎಂದು ರಸೀನಾ ಪದಕ್ಕೆ ಪದ ಅರ್ಥ ಹೇಳಿದಳು. ಮೂಸಬ್ಬ ಯಾರೆಂದು ಹೇಳಿದಳು.

ಆ ಕಡೆ ಏನೋ ಕೆಳಗೆ ಬಿದ್ದ ಸದ್ದು. ಆಮೇಲೆ ಪ್ರಾರ್ಥನಾಳ ದನಿ ತೀರ ಸಣ್ಣದಾಗಿ ಬಂತು. "ನಾನು ಅವರಿಗೆ ಇನ್ನೊಂದು ಟೇಕ್ ಕೊಡಿ ಅಂದಿದ್ದೆ. ಇನ್ನೂ ಜೋರಾಗಿ ಅಂತ. ಅವರು ಆಗಲ್ಲ ಅಂದ್ರು. ನಂಗೆ ಬೇಜಾರಾಗಿತ್ತು, ಎಷ್ಟು ಚೆನ್ನಾಗಿ ಮಾಡ್ತಿದ್ರು, ಇನ್ನೊಂದು ಕೊಡಬಾರದಾ ಅಂತ."

ಕಂಪನಿ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಪತ್ರಿಕೆಗಳೆಲ್ಲ ಮೆಚ್ಚಿದ್ದು ಅದೊಂದನ್ನೇ, ಅದನ್ನೇ ತೆಗೆದರೆ ಹೇಗೆ, ಹೆಸರೊಂದನ್ನು ಕತ್ತರಿಸಿ ಉಳಿದದ್ದನ್ನು ಇಟ್ಟುಕೊಳ್ಳೋಣ ಎಂದರು. ಪ್ರಾರ್ಥನಾ ಸಭೆಯಲ್ಲಿ ಕೂಗನ್ನು ಮತ್ತೆ ಹಾಕಿದಳು. ಅದರ ಜೊತೆಜೊತೆಗೇ ಪ್ರತಿ ಮಾತಿನ ಅರ್ಥವನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದಳು. ಬೆಳಕು ಕಾಣ್ತದೆ, ಬರ್ತಾ ಇದ್ದಾರೆ ಎಂಬಲ್ಲಿಗೆ ಬಂದಾಗ ಪ್ರಚಾರದ ಅಧಿಕಾರಿ ಎದ್ದು, "ನಿಲ್ಲಿಸಿ, ದಯವಿಟ್ಟು ನಿಲ್ಲಿಸಿ," ಎಂದನಂತೆ. ಹೋಟೆಲಿನಲ್ಲಿ ಅಷ್ಟು ಹಿಗ್ಗಿದ್ದ ಮನುಷ್ಯ. ಅದೇ ವಾರ ಆಟದಿಂದ ಕೂಗನ್ನು ತೆಗೆದು, ಟ್ರೇಲರನ್ನೂ ಹಿಂದಕ್ಕೆ ತೆಗೆದುಕೊಂಡರು.

ಆದರೆ ಜನ ಇಳಿಸಿಕೊಂಡ ತುಣುಕುಗಳು ಹಿಂದಕ್ಕೆ ಬರಲಿಲ್ಲ. ಅವು ಈಗಲೂ ಅಲ್ಲಲ್ಲಿ ಓಡಾಡುತ್ತಿವೆ.

ಪ್ರಾರ್ಥನಾ ಒಂದು ಶುಕ್ರವಾರ ಅಲ್ ಮೀನಾಗೆ ತಾನೇ ಬಂದಳು. ರಸೀನಾ ಜೊತೆಗಿದ್ದಳು. ಕ್ಷಮೆ ಕೇಳಲು ಬಾಯಿಪಾಠ ಮಾಡಿಕೊಂಡು ಬಂದವಳಂತೆ ಪ್ರಾರ್ಥನಾ ಶುರುಮಾಡಿ, ಎರಡನೆಯ ವಾಕ್ಯಕ್ಕೇ ಅದನ್ನು ಬಿಟ್ಟು, 'ನಂಗೆ ಗೊತ್ತಿರ್ಲಿಲ್ಲ' ಅಂದುಬಿಟ್ಟಳು.

"ನಿಮಗೆ ಎಂಥ ಗೊತ್ತಿತ್ತು ಅಮ್ಮ," ಅಂದ ಕಾಸಿಂ. "ನನಗೇ ಗೊತ್ತಿರ್ಲಿಲ್ಲ, ಅದು ಬಾಯಿಗೆ ಬರ್ತದೆ ಅಂತ. ಬಾಗಿಲು ಹಾಕಿದ ಕೂಡಲೇ ಬಂತು."

ರಸೀನಾ ಅದರ ಬಗ್ಗೆ ಬರೆದದ್ದು ಸೌದಾಳ ಒಪ್ಪಿಗೆ ಸಿಕ್ಕಿದ ಮೇಲೆಯೇ. ಚಿಕ್ಕ ಬರಹ. ಮೂಸಬ್ಬ ಸಮುದ್ರದೇವತೆಯಲ್ಲ, ಹೆಜಮಾಡಿಯ ಒಬ್ಬ ಮೀನುಗಾರ, ಒಬ್ಬಳ ಗಂಡ, ಒಬ್ಬಳ ಅಪ್ಪ ಎಂದು ಬರೆದಳು. ನರಬಲಿಯ ಕಥೆ ಕಟ್ಟಿದ್ದವನು ತನ್ನ ಎರಡು ಪುಟಗಳನ್ನು ಅಳಿಸಿ, ಅವಳಿಗೆ ಉದ್ದನೆಯ ಕ್ಷಮಾಪಣೆ ಕಳಿಸಿದ. ಉಳಿದವರು ತಮ್ಮ ಬರಹಗಳನ್ನು ಹಾಗೇ ಬಿಟ್ಟರು. ಆಟ ಬಿಡುಗಡೆಯಾದಾಗ, ಮೊದಲು ಕೇಳಿಸಿದ ಆ ಅದ್ಭುತ ಕೂಗು ಯಾಕಿಲ್ಲ, ಶತ್ರುಗಳು ಸಪ್ಪೆಯಾಗಿದ್ದಾರೆ ಎಂದು ಕೆಲವರು ಅಂಕ ಕಡಿಮೆ ಕೊಟ್ಟರು. ರಸೀನಾ ಆ ಸಲ ವಿಮರ್ಶೆ ಬರೆಯಲಿಲ್ಲ. ಚಂದು ಕೇಳಿದ, ಅವಳು ಒಲ್ಲೆ ಅಂದಳು, ಅವನು ಬೇರೆಯವರಿಗೆ ಕೊಟ್ಟ.

ಗಲ್ಫಿಗೆ ಬಂದ ಮೇಲೆ ಕಾಸಿಂ ರಜೆ ಸಿಕ್ಕಾಗಲೆಲ್ಲ ಏನಾದರೊಂದು ನೆಪ ಹೇಳಿ ಇಲ್ಲೇ ಉಳಿಯುತ್ತಿದ್ದ. ಆ ವರ್ಷ ಬಕ್ರೀದಿಗೆ ಊರಿಗೆ ಹೋದ. ಹಬ್ಬದ ಮರುದಿನ ರಸೀನಾಗೆ ಅವನಿಂದ ಫೋನು ಬಂತು.

"ಸೌದಾಳ ಮನೆಯಲ್ಲಿದ್ದೇನೆ," ಅಂದ. "ಮುಬೀನಳನ್ನು ಕೂರಿಸಿಕೊಂಡು ಮೊದಲಿಂದ ಕಡೆ ತನಕ ಎಲ್ಲ ಹೇಳಿದೆ. ಪೋಕ್ರಿ ಹುಡುಗಿ, ಅವಳ ಪ್ರಶ್ನೆ ಮುಗಿಯುವುದೇ ಇಲ್ಲ. ಬೋಟಿನ ಬಣ್ಣ ಎಂಥದು, ಅವತ್ತು ಎಂಥ ಮೀನು ಸಿಕ್ಕಿತ್ತು, ಅಪ್ಪ ಬೆಳಿಗ್ಗೆ ಎಂಥ ತಿಂದಿದ್ರು ಅಂತ."

"ಹೇಳಿದ್ರಾ ಕಾಕ?"

"ಗೊತ್ತಿದ್ದದ್ದೆಲ್ಲ ಹೇಳಿದೆ. ಇನ್ನೂ ಕೇಳ್ತಾ ಇದ್ದಾಳೆ. ಇಲ್ಲಿ ತೋಳು ಹಿಡಿದು ಎಳೀತಾ ಇದ್ದಾಳೆ ನೋಡಿ. ಆಮೇಲೆ ಮಾತಾಡ್ತೇನೆ ತಂಗಿ."